ಬೇಲೂರಿನಲ್ಲಿ ಒಪ್ಪಿಕೊಂಡದ್ದು

ಅರಸೀಕೆರೆ ಕೋರ್ಟಿನ ಎದುರಿಗೆ, ಜೆರಾಕ್ಸ್ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು ನಾನು ಇಪ್ಪತ್ತೆಂಟು ವರ್ಷ ಟೈಪು ಮಾಡಿದ್ದೇನೆ. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಅರ್ಜಿ, ಅಫಿಡವಿಟ್ಟು, ಜಾಮೀನಿನ ಕಾಗದ, ಗಂಡ ಹೆಂಡಿರ ಜಗಳದ ನೋಟೀಸು, ಎಲ್ಲವೂ ಈ ಬೆರಳುಗಳಿಂದಲೇ ಹೋಗಿವೆ. ವಕೀಲರು ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಹೊಡೆದೂ ಹೊಡೆದೂ ಕೊನೆಗೆ ಅವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ನಾನೇ ಮುಗಿಸಿಬಿಡುತ್ತಿದ್ದೆ. ಅವರು ನಕ್ಕು ನನ್ನನ್ನು ಅರ್ಧ ಲಾಯರು ಅನ್ನುತ್ತಿದ್ದರು. ತಮಾಷೆ ಎಂದು ಗೊತ್ತಿದ್ದರೂ ಒಳಗೊಳಗೇ ಹಿಗ್ಗುತ್ತಿದ್ದೆ. ನನ್ನ ಆ ಹಿಗ್ಗಿನಿಂದ ನನ್ನ ಭಾವ ಜೈಲಿಗೆ ಹೋಗಬೇಕಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಭಾವ ಅಂದರೆ ಅಕ್ಕನ ಗಂಡ. ನಮ್ಮಮ್ಮ ನನಗೆ ನಾಲ್ಕು ವರ್ಷವಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು, ಬೈದು ಓದಿಸಿದವಳು ಅಕ್ಕ. ಅವಳ ಮದುವೆಯಾದಾಗ ಪಾತ್ರೆ ಪಗಡೆಗಳ ಜೊತೆಗೆ ನಾನೂ ಬಾಣಾವರಕ್ಕೆ ಸಾಗಿದೆ. ಬೇರೆ ಯಾರೇ ಆಗಿದ್ದರೂ ಮುಖ ಸಿಂಡರಿಸುತ್ತಿದ್ದರು. ಭಾವ ಮಾತ್ರ ಮದುವೆಯಾದ ವಾರದಲ್ಲೇ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಸ್ಕೂಲಿಗೆ ಸೇರಿಸಿದರು. ಹತ್ತನೇ ಕ್ಲಾಸು ಮುಗಿದ ಮೇಲೆ ಟೈಪಿಂಗ್ ಕಲಿಯಲು ದಿನವೂ ರೈಲಿನಲ್ಲಿ ಅರಸೀಕೆರೆಗೆ ಕಳಿಸಿದವರೂ ಅವರೇ. ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಹಾಕಿದ ಕಾಯಿ, ಮನೆಯ ಹಿಂದೆ ಒಂದಿಷ್ಟು ತೆಂಗಿನ ಗಿಡ, ಬಾಗಿಲಲ್ಲಿ ಒಂದು ಗೂಡ್ಸ್ ಟೆಂಪೋ. ಇಷ್ಟೇ ಅವರ ಲೋಕ. ಹಳೇಬೀಡಿನ ಕಡೆಯ ಹಳ್ಳಿಗಳಿಂದ ಕಾಯಿ ತುಂಬಿಕೊಂಡು ಬರುತ್ತಿದ್ದರು. ಮಾತು ಕಡಿಮೆ. ನಾವೆಲ್ಲ ಹತ್ತು ಮಾತಾಡಿ ಮುಗಿಸುವಷ್ಟರಲ್ಲಿ ಅವರು ಒಂದು ಸಲ ಹ್ಞೂಂ ಅಂದಿದ್ದರೆ ಹೆಚ್ಚು.

ಅಪಘಾತವಾದ ದಿನ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ಮಾದಿಹಳ್ಳಿಯ ಹತ್ತಿರ ಮಂಜು ಬಿದ್ದಿತ್ತು. ಟೆಂಪೋದಲ್ಲಿ ತುಂಬ ಲೋಡಿತ್ತು. ಟಾರ್ಪಾಲಿನ ಹಗ್ಗ ಸಡಿಲವಾಗಿ ಒಂದೆರಡು ಕಾಯಿ ದಬದಬ ರಸ್ತೆಗೆ ಬಿದ್ದವು. ಭಾವ ಕತ್ತು ತಿರುಗಿಸಿ ಹಿಂದೆ ನೋಡಿದರು. ಮತ್ತೆ ಮುಂದೆ ನೋಡುವಷ್ಟರಲ್ಲಿ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟಿದ್ದವನೊಬ್ಬ ಗಾಡಿಗೆ ಸಿಕ್ಕಿದ್ದ. ವಯಸ್ಸು ಮೂವತ್ತೈದು. ಹಳೇಬೀಡಿನ ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಭಾವ ಗಾಡಿ ಬಿಟ್ಟು ಓಡಲಿಲ್ಲ. ಆ ಮನುಷ್ಯನನ್ನು ತಾವೇ ಎತ್ತಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದು, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ನಡೆದುಕೊಂಡೇ ಹೋಗಿ ಬೆಂಚಿನ ಮೇಲೆ ಕೂತರು. ನಾನು ಹೋದಾಗ ಅವರ ಪಂಚೆಯ ಮೇಲೆ ರಕ್ತವೂ ಹಾಲೂ ಒಣಗಿ ಗಟ್ಟಿಯಾಗಿದ್ದವು. ಜಾಮೀನಿನ ಮೇಲೆ ಅವತ್ತೇ ಕರೆದುಕೊಂಡು ಬಂದೆ.

ಮೂರನೆಯ ದಿನ ಭಾವ ಬಿಳಿ ಅಂಗಿ ಹಾಕಿಕೊಂಡು ಹೊರಟು ನಿಂತರು. ಎಲ್ಲಿಗೆ ಅಂದರೆ ಮಾದಿಹಳ್ಳಿಗೆ, ತೀರಿಕೊಂಡವನ ಮನೆಗೆ. ನಮ್ಮಲ್ಲಿ ತಪ್ಪು ಕಾಣಿಕೆ ಅಂತ ಒಂದು ನಡೆದುಬಂದ ಪದ್ಧತಿಯಿದೆ. ತಪ್ಪು ಮಾಡಿದವನು ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಒಂದು ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು, ಮಠದ ಜಗಲಿಯಲ್ಲಿ ಹಿರಿಯರ ಮುಂದೆ, ಯಾರಿಗೆ ತಪ್ಪಾಗಿದೆಯೋ ಅವರ ಮುಂದೆ ಕೈಮುಗಿದು ಹೇಳಬೇಕು. ಹೇಳಿದ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಪಕ್ಕದವರ ಬದುವಿನ ಗಿಡ ಕಡಿಸಿದ್ದಕ್ಕೆ ಭಾವನೇ ಒಮ್ಮೆ ಹಾಗೆ ನಿಂತಿದ್ದರು. ಬೆಳಗ್ಗೆ ಬಡಿದಾಡುವ ಮಟ್ಟಕ್ಕೆ ಹೋಗಿದ್ದವರು ಸಂಜೆ ಒಂದೇ ಪಂಕ್ತಿಯಲ್ಲಿ ಕೂತು ಪಾಯಸ ಉಂಡರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆದರೆ ನಾನು ಅರ್ಧ ಲಾಯರಲ್ಲವೇ, ಅಡ್ಡ ನಿಂತೆ. ಅಲ್ಲಿಗೆ ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಕೇಸಿಗೆ ತೊಂದರೆ, ಅವರ ಜನ ಮೈಮೇಲೆ ಬಿದ್ದರೂ ಬೀಳಬಹುದು ಅಂದೆ. ಭಾವ ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ, ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಬಿಡಲು ಶುರುಮಾಡಿದರು. ಅವರು ನನ್ನ ಮಾತನ್ನು ಮೀರಿದವರಲ್ಲ. ಕೋರ್ಟು ಕಚೇರಿಯ ವಿಷಯದಲ್ಲಿ ಹುಡುಗನಿಗೆ ಗೊತ್ತಿರುತ್ತದೆ ಅನ್ನುವ ನಂಬಿಕೆ ಅವರಿಗೆ. ಆ ಹುಡುಗನಿಗೆ ಆಗಲೇ ಐವತ್ತು ಹತ್ತಿರವಾಗಿತ್ತು.

ಅಪಘಾತವಾದದ್ದು ಬೇಲೂರು ತಾಲ್ಲೂಕಿನಲ್ಲಾದ್ದರಿಂದ ಕೇಸು ಬೇಲೂರು ಕೋರ್ಟಿಗೆ ಬಂತು. ಸಮನ್ಸು ಬಂದ ದಿನ ನಾನು ಒಂದು ವಕೀಲರ ಬಾಗಿಲನ್ನೂ ತಟ್ಟಲಿಲ್ಲ. ತಟ್ಟಲು ಅಹಂಕಾರ ಅಡ್ಡ ಬಂತು. ಅಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ಈಗ ನಮ್ಮ ಭಾವನ ಕೇಸು ಏನು ಮಾಡಲಿ ಅಂತ ಕೇಳುವುದೇ ಅನ್ನಿಸಿತು. ಲೈಸೆನ್ಸಿಲ್ಲದವರು, ಕುಡಿದು ಗಲಾಟೆ ಮಾಡಿದವರು ಬೆಳಗ್ಗೆ ಬಂದು ಒಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದನ್ನು ದಿನಾ ನೋಡಿದವನು ನಾನು. ಒಪ್ಪಿಕೊಂಡವನ ಮೇಲೆ ಮಾತು ಬೆಳೆಸಬಾರದು ಅನ್ನುವ ಮಠದ ಜಗಲಿಯ ನ್ಯಾಯವೂ ತಲೆಯಲ್ಲಿತ್ತು. ಎರಡು ಅರ್ಧ ತಿಳುವಳಿಕೆಗಳನ್ನು ಸೇರಿಸಿದರೆ ಒಂದು ಪೂರ್ತಿ ತಿಳುವಳಿಕೆ ಆಗುತ್ತದೆಂದು ನಂಬಿದ ದಡ್ಡ ನಾನು. ಒಪ್ಪಿಕೊಂಡುಬಿಡಿ ಭಾವ, ಮೊದಲನೇ ಸಲ, ವಯಸ್ಸಾದವರು, ದಂಡ ಹಾಕಿ ಬಿಡ್ತಾರೆ, ಸಂಜೆ ಬಸ್ಸಿಗೆ ಮನೆ ಅಂದೆ.

ಭಾವ ಕೋರ್ಟ್ ಹಾಲಿನ ಹೊರಗೆ ಚಪ್ಪಲಿ ಬಿಟ್ಟರು. ಬಿಡಬೇಕಿಲ್ಲ ಅಂದರೂ ಕೇಳಲಿಲ್ಲ. ವಲ್ಲಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕಟಕಟೆಯಲ್ಲಿ ಕೈಮುಗಿದು ನಿಂತರು. ಮ್ಯಾಜಿಸ್ಟ್ರೇಟರು ಆಪಾದನೆ ಓದಿ ಹೇಳಿ, ಒಪ್ಪಿಕೊಳ್ಳುತ್ತೀರೋ ಇಲ್ಲ ವಿಚಾರಣೆ ನಡೆಸಬೇಕೋ ಎಂದು ಕೇಳಿದರು. ತಪ್ಪಾಯ್ತು ಸ್ವಾಮಿ ಎಂದರು ಭಾವ. ಅವರು ಪೆನ್ನು ಕೆಳಗಿಟ್ಟು, ವಕೀಲರಿದ್ದಾರಾ, ಇಲ್ಲದಿದ್ದರೆ ಸರ್ಕಾರದಿಂದಲೇ ಕೊಡುತ್ತೇವೆ, ಒಪ್ಪಿಕೊಂಡರೆ ಜೈಲೂ ಆಗಬಹುದು, ಯೋಚನೆ ಮಾಡಿ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಆ ಮನುಷ್ಯನ ಮೇಲೆ ನಾನು ಯಾವ ಮಾತನ್ನೂ ಹೊರಿಸಲಾರೆ. ಆಗ ಭಾವ ಹಿಂದೆ ತಿರುಗಿ ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು.

ನಾನು ಹ್ಞೂಂ ಎಂದು ತಲೆಯಾಡಿಸಿದೆ.

ಮಧ್ಯಾಹ್ನದ ಮೇಲೆ ಶಿಕ್ಷೆ ಹೇಳಿದರು. ಒಂದು ವರ್ಷ ಸಾದಾ ಸಜೆ. ಒಂದು ಜೀವ ಹೋಗಿದೆ, ಬರೀ ದಂಡ ಹಾಕಿ ಬಿಡಲಾಗುವುದಿಲ್ಲ ಎಂದರು. ಶಿಕ್ಷೆಯನ್ನು ಅಮಾನತಿನಲ್ಲಿಡಿ, ಅಪೀಲು ಹೋಗುತ್ತೇವೆ ಎಂದು ಅಲ್ಲೇ ಅರ್ಜಿ ಕೊಡಬಹುದಿತ್ತು ಎನ್ನುವುದು ನನಗೆ ಹೊಳೆದದ್ದು ಆಮೇಲೆ. ಅಂಥ ಅರ್ಜಿಗಳನ್ನು ಎಷ್ಟೋ ಸಲ ನಾನೇ ಟೈಪು ಮಾಡಿದ್ದೆ. ಅವತ್ತು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಪೊಲೀಸರು ಭಾವನನ್ನು ವ್ಯಾನಿನ ಕಡೆ ಕರೆದುಕೊಂಡು ಹೋಗುವಾಗ ಪಕ್ಕದಲ್ಲೇ ಓಡಿದೆ. ಅವರು ಬೈಯಲಿಲ್ಲ. "ನಿಮ್ಮಕ್ಕಂಗೆ ಏನ್ ಹೇಳ್ತೀಯ?" ಎಂದಷ್ಟೇ ಕೇಳಿದರು.

ನಾನು ಅಕ್ಕನಿಗೆ ಹೇಳಿದ್ದು ಜಡ್ಜು ತುಂಬ ಕಟ್ಟುನಿಟ್ಟು ಅಂತ. ತಲೆಯಾಡಿಸಿದ್ದನ್ನು ಹೇಳಲಿಲ್ಲ. ವಕೀಲರನ್ನು ಇಟ್ಟಿರಲಿಲ್ಲವಾ ಎಂದು ಕೇಳಿದಳು. ಬೇಕಾಗಿಲ್ಲ ಅಂದುಕೊಂಡ್ವಿ ಅಂದೆ. ಅಂದ್ಕೊಂಡೋರು ಯಾರು ಎಂದಳು. ನಾನು ನೆಲ ನೋಡಿದೆ. ಅವಳು ಎದ್ದು ಒಳಗೆ ಹೋದಳು. ಅಂದಿನಿಂದ ನನ್ನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಹೋದರೆ ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಸಾಕೋ ಬೇಕೋ ಎಂದು ಮಾತ್ರ ಕೇಳುತ್ತಿರಲಿಲ್ಲ. ನನ್ನ ಹೆಂಡತಿ ಜೊತೆಗಿದ್ದರೆ ಅವನಿಗೆ ಮುದ್ದೆ ಹಾಕು ಎಂದು ಅವಳಿಗೆ ಹೇಳುತ್ತಿದ್ದಳು. ತಾಯಿಯ ಜಾಗದಲ್ಲಿದ್ದವಳು ಹೀಗೆ ನನ್ನನ್ನು ಅವನು ಅನ್ನುವುದನ್ನು ಕೇಳುತ್ತಾ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಹಾಸನದಲ್ಲಿ ಒಬ್ಬ ಹೆಣ್ಣುಮಗಳು ವಕೀಲರಿದ್ದರು. ಜೋರು. ನನ್ನ ಕತೆಯನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೋಡಿದ ಸಾಕ್ಷಿ ಯಾರಾದರೂ ಇದ್ದರಾ ಅಂದರು. ಇರಲಿಲ್ಲ. ಮಂಜಿತ್ತಾ ಅಂದರು. ಇತ್ತು. ಸೈಕಲ್ಲು ಬಂಡಿದಾರಿಯಿಂದ ರಸ್ತೆಗೆ ತಿರುಗುತ್ತಿತ್ತಾ ಅಂದರು. ಪೊಲೀಸರ ನಕಾಶೆಯಲ್ಲೇ ಹಾಗಿತ್ತು. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ವಿಚಾರಣೆ ನಡೆದಿದ್ರೆ ನಿಮ್ಮ ಭಾವ ಬಿಡುಗಡೆ ಆಗ್ತಿದ್ರೋ ಏನೋ. ಈಗ ಆ ಬಾಗಿಲು ಮುಚ್ಚಿದೆ. ತಪ್ಪು ಒಪ್ಪಿಕೊಂಡೋರು ಅಪೀಲಿನಲ್ಲಿ ನಾನು ತಪ್ಪು ಮಾಡಿಲ್ಲ ಅನ್ನೋ ಹಾಗಿಲ್ಲ. ಶಿಕ್ಷೆ ಹೆಚ್ಚಾಯ್ತು, ಕಡಿಮೆ ಮಾಡಿ ಅಂತ ಮಾತ್ರ ಬೇಡಬಹುದು" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದು ಕಾಯಿದೆಯ ಪುಸ್ತಕದಲ್ಲೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಅಪೀಲಿನ ಕಾಗದವನ್ನು ನಾನೇ ಟೈಪು ಮಾಡುತ್ತೇನೆ ಎಂದು ಹಟ ಹಿಡಿದೆ. ಅವರು ಹೇಳುತ್ತಾ ಹೋದರು. ಅಪೀಲುದಾರರಿಗೆ ಅರವತ್ತು ಸಮೀಪಿಸಿದೆ, ಹಿಂದೆ ಯಾವ ಕೇಸೂ ಇಲ್ಲ, ಗಾಯಾಳುವನ್ನು ತಾವೇ ಆಸ್ಪತ್ರೆಗೆ ಸೇರಿಸಿದ್ದಾರೆ, ಮೊದಲ ಅವಕಾಶದಲ್ಲೇ ತಪ್ಪೊಪ್ಪಿಕೊಂಡಿದ್ದಾರೆ. ಇಂಥ ಕಾಗದದಲ್ಲಿ ಅಪೀಲುದಾರರು ನಿರಪರಾಧಿ ಎಂಬ ಸಾಲು ನನ್ನ ಬೆರಳಿನಿಂದ ತಾನಾಗಿ ಬರುತ್ತಿತ್ತು. ಅಭ್ಯಾಸಬಲದಿಂದ ಅವತ್ತೂ ಹೊಡೆದೆ. ಅವರು ನೋಡಿ, ಅದನ್ನು ತೆಗೀರಿ ಅಂದರು. ಒಂದೊಂದೇ ಅಕ್ಷರ ಅಳಿಸಿದೆ. ಆ ಮೇಜಿನ ಮುಂದೆ ನನಗೆ ಅಳು ಬಂದುಬಿಟ್ಟಿತು. ಅವರು ಎದ್ದು ಹೊರಗೆ ಹೋಗಿ ಫೋನಿನಲ್ಲಿ ಮಾತಾಡುವವರ ಹಾಗೆ ನಿಂತರು.

ಅಪೀಲು ಮುಗಿಯುವ ತನಕ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಸಿಗುವ ಹೊತ್ತಿಗೆ ಭಾವ ಹತ್ತೊಂಬತ್ತು ದಿನ ಒಳಗಿದ್ದರು. ನೋಡಲು ಹೋದಾಗಲೆಲ್ಲ ಅಟ್ಟದ ಕಾಯಿ ಅಲ್ಲಾಡಿಸಿ ನೋಡಿದ್ರಾ, ಒಳಗೆ ಕೊಬ್ಬರಿ ಆಡ್ತೈತಾ ಎಂದು ಕೇಳುತ್ತಿದ್ದರು. ಹೊರಗೆ ಬಂದ ಮೇಲೆ ಆ ಟೆಂಪೋದ ಹತ್ತಿರ ಸುಳಿಯಲಿಲ್ಲ. ರಸ್ತೆಯಲ್ಲಿ ಹಾಲಿನ ಗಾಡಿ ಕಂಡರೆ ಪಕ್ಕಕ್ಕೆ ಹೋಗಿ ನಿಂತುಬಿಡುತ್ತಿದ್ದರು. ನಾವು ಹಾಸನಕ್ಕೆ ವಾಯಿದೆಯ ಮೇಲೆ ವಾಯಿದೆಗೆ ಅಲೆದೆವು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ನಮ್ಮದು ಗೆಲ್ಲುವ ಮಾತೇ ಇಲ್ಲದ ಕೇಸು. ಎಷ್ಟು ಕಡಿಮೆ ಸೋಲುತ್ತೇವೆ ಎನ್ನುವುದೊಂದೇ ಲೆಕ್ಕ.

ಕೊನೆಯ ವಿಚಾರಣೆ ಹತ್ತಿರ ಬಂದಾಗ ವಕೀಲರು ಒಂದು ದಾರಿ ಹೇಳಿದರು. ತೀರಿಕೊಂಡವನ ಮನೆಯವರು ಶಿಕ್ಷೆ ಕಡಿಮೆ ಮಾಡಲು ನಮ್ಮ ಅಭ್ಯಂತರವಿಲ್ಲ ಎಂದು ಬರೆದುಕೊಟ್ಟರೆ ಜಡ್ಜು ಗಮನಿಸಬಹುದು, ಒಳಗಿದ್ದ ದಿನಗಳೇ ಸಾಕೆನ್ನಲೂಬಹುದು. ಬಲವಂತ ಮಾಡಬೇಡಿ, ಆಸೆ ತೋರಿಸಬೇಡಿ, ಕೊಟ್ಟರೆ ತಗೊಳ್ಳಿ ಎಂದು ಎಚ್ಚರಿಸಿದರು. ನಾನು ಅವತ್ತೇ ಕಾಗದ ಟೈಪು ಮಾಡಿ, ಇಂಕಿನ ಪ್ಯಾಡು ಜೇಬಿಗೆ ಹಾಕಿಕೊಂಡು ಮಾದಿಹಳ್ಳಿಗೆ ಹೋದೆ.

ಅವನ ತಾಯಿ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ಹೆರೆಯುತ್ತಿದ್ದರು. ಸೊಸೆ ಕೆಲಸಕ್ಕೆ ಹೋಗಿದ್ದಳಂತೆ. ಯಾರೆಂದು ಹೇಳಿದೆ. ಕತ್ತಿ ಒಂದು ಕ್ಷಣ ನಿಂತು ಮತ್ತೆ ಹೆರೆಯಿತು. ಕುಂತ್ಕಳಿ ಅಂದರು. ಕೂತು, ಬಂದ ವಿಷಯವನ್ನು ಹೇಳಿದೆ. ಭಾವ ಕೋರ್ಟಿನಲ್ಲಿ ಒಂದೇ ಮಾತಿಗೆ ತಪ್ಪು ಒಪ್ಪಿಕೊಂಡರು, ವಯಸ್ಸಾಗಿದೆ, ಒಳ್ಳೆಯವರು ಎಂದೆಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿ ಕತ್ತಿ ಕೆಳಗಿಟ್ಟರು.

"ಯಾರ್ ಮುಂದೆ ಒಪ್ಕಂಡ್ರು? ನಾನಲ್ಲಿರ್ಲಿಲ್ವಲ್ಲ" ಎಂದರು.

ಅವರು ನಿಧಾನವಾಗಿ ಹೇಳುತ್ತಾ ಹೋದರು. ಪೊಲೀಸಿನವರು ಬಂದಿದ್ದರು, ಇನ್ಸೂರೆನ್ಸಿನವರು ಬಂದಿದ್ದರು. ಗಾಡಿ ಓಡಿಸಿದವರು ಬರಲಿಲ್ಲ. ಮೂರು ದಿನ ಕಾದರು, ತಿಥಿಯವರೆಗೂ ಕಾದರು. ಪೊಲೀಸರು ಸಾಕ್ಷಿ ಪಟ್ಟಿಯಲ್ಲಿ ಅವರ ಹೆಸರು ಬರೆದುಕೊಂಡು, ಕೋರ್ಟಿನಿಂದ ಕರೆ ಬರುತ್ತದೆ, ಬರಬೇಕು ಎಂದಿದ್ದರಂತೆ. ಅದಕ್ಕೆ ಒಂದು ಸೀರೆ ಒಗೆದು ಮಡಿಸಿ ಟ್ರಂಕಿನಲ್ಲಿಟ್ಟುಕೊಂಡಿದ್ದರು. ಅಲ್ಲಾದರೂ ಮಗನಿಗೆ ಏನಾಯಿತೆಂದು ಯಾರಾದರೂ ಹೇಳುತ್ತಾರೆ, ಕೇಳೋಣ ಎಂದು. ಕರೆ ಬರಲೇ ಇಲ್ಲ. ಆಮೇಲೆ ಯಾರೋ ಹೇಳಿದರು, ಅವರು ಒಪ್ಪಿಕೊಂಡರಂತೆ, ಕೇಸು ಒಂದೇ ದಿನಕ್ಕೆ ಮುಗೀತಂತೆ ಅಂತ.

ಅಷ್ಟು ದಿನ ನನ್ನ ಒಂದು ತಲೆಯಾಡಿಸುವಿಕೆ ಭಾವನ ಪಾಲಿನ ಬಾಗಿಲನ್ನು ಮಾತ್ರ ಮುಚ್ಚಿತೆಂದು ತಿಳಿದಿದ್ದೆ. ಈ ಮುದುಕಿಯ ಬಾಗಿಲನ್ನೂ ನಾನೇ ಮುಚ್ಚಿದ್ದೆ. ಹೇಳಬೇಕಾದ ಮನೆಗೆ ಹೊರಟವರನ್ನು ತಡೆದೆ, ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ ಹೇಳಿಸಿದೆ. ಹೆಬ್ಬೆಟ್ಟಿನ ಕಾಗದವನ್ನು ಚೀಲದಿಂದ ಹೊರಗೆ ತೆಗೆಯಲು ಕೈ ಬರಲಿಲ್ಲ. ಅವರೇ ಹೇಳಿದರು, ನಿಮ್ಮ ಭಾವ ಬರಲಿ, ಆಮೇಲೆ ನೋಡಾಣ.

ಮುಂದಿನ ಸೋಮವಾರ ಭಾವ, ಅಕ್ಕ, ನಾನು ಮೂವರೂ ಬಸ್ಸಿನಲ್ಲಿ ಹೋದೆವು. ಭಾವ ಅದೇ ಬಿಳಿ ಅಂಗಿ ಹಾಕಿದ್ದರು. ಅಕ್ಕ ಮಡಿಲಲ್ಲಿ ಕಾಯಿ, ಎಲೆ ಅಡಿಕೆ ಇಟ್ಟುಕೊಂಡಿದ್ದಳು. ಆ ಮನೆಯ ಮುಂದೆ ಭಾವ ಚಪ್ಪಲಿ ಬಿಟ್ಟು, ವಲ್ಲಿ ಸುತ್ತಿಕೊಂಡು, ಹೊಸಿಲಿನ ಆಚೆಯೇ ನಿಂತು ಕಾಯಿಯನ್ನು ಕೆಳಗಿಟ್ಟು ಕೈಮುಗಿದರು. ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ತಪ್ಪಾಯ್ತು ಕಣವ್ವ. ಹಗ್ಗ ಬಿಚ್ಕಂಡಿತ್ತು. ಹಿಂದಕ್ಕೆ ತಿರುಗಿ ನೋಡ್ದೆ. ಮುಂದೆ ನೋಡ್ಬೇಕಾಗಿತ್ತು, ನೋಡ್ಲಿಲ್ಲ."

ಒಂದೂವರೆ ವರ್ಷದಲ್ಲಿ ನಾನು ಅವರ ಬಾಯಲ್ಲಿ ಕೇಳಿದ ಅತಿ ಉದ್ದದ ಮಾತು ಅದು. ಮುದುಕಿ ಕೈಮುಗಿಯಲೂ ಇಲ್ಲ, ಬೈಯಲೂ ಇಲ್ಲ. ತಕ್ಷಣಕ್ಕೆ ಹೋಗಿತ್ತಾ ಜೀವ, ಎಲ್ಲರೂ ಹಾಗೇ ಹೇಳ್ತಾರೆ, ಎಂದು ಕೇಳಿದರು. ನಾನು ಹೌದೆನ್ನಿ ಎಂದು ಮನಸ್ಸಿನಲ್ಲೇ ಭಾವನಿಗೆ ಹೇಳಿಕೊಂಡೆ. ಆಸ್ಪತ್ರೆಯ ಕಾಗದದಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ಹೌದು ಅಂದಿದ್ದರೆ ಅವರಿಗೂ ಸಮಾಧಾನ, ನಮಗೂ ಸಲೀಸು. ಭಾವ ಇಲ್ಲ ಎಂದರು.

"ನನ್ ತೊಡೆ ಮೇಲೆ ಅವ್ನ ತಲೆ ಇಟ್ಕಂಡಿದ್ದೆ. ಕ್ಯಾನ್ ನೆಟ್ಟಗೆ ಮಾಡಿ, ಹಾಲು ಚೆಲ್ತೈತೆ ಅಂದ."

ಮುದುಕಿಯ ಬಾಯಿ ತೆರೆದೇ ಇತ್ತು. ಹೊಸಿಲಿನ ಹತ್ತಿರ ಬಂದು, "ಮಾಡಿದ್ರಾ?" ಎಂದರು.

"ಮಾಡ್ದೆ ಅವ್ವ. ಅರ್ಧ ಉಳ್ದಿತ್ತು. ತೋರ್ಸ್ದೆ. ನೋಡ್ದ."

ಅವರು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಅಕ್ಕ ಭಾವನ ಕಡೆಗೇ ನೋಡುತ್ತಿದ್ದಳು. ಈ ಮಾತನ್ನು ಅವರು ಅವಳಿಗೂ ಹೇಳಿರಲಿಲ್ಲ. ನನಗೆ ಆ ಗಳಿಗೆಯಲ್ಲಿ ಭಾವನ ಮೇಲೆ ಸಿಟ್ಟು ಬಂತು, ಇದನ್ನೆಲ್ಲ ಯಾಕೆ ಹೇಳಿದರು, ಇನ್ನು ಹೆಬ್ಬೆಟ್ಟು ಎಲ್ಲಿಯದು ಅಂತ. ಅಂಥ ಹೊತ್ತಿನಲ್ಲೂ ಕಾಗದದ ಯೋಚನೆ ಮಾಡಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಮುದುಕಿ ಮುಖ ತೊಳೆದುಕೊಂಡು ಹೊರಗೆ ಬಂದರು. ಕೆಳಗಿದ್ದ ಕಾಯಿಯನ್ನು ಎತ್ತಿಕೊಂಡರು. ನನ್ನ ಕಡೆ ತಿರುಗಿ, ಹೆಬ್ಬೆಟ್ಟು ಒತ್ತುವುದಿಲ್ಲ, ಬೇಜಾರು ಮಾಡ್ಕಬೇಡಿ ಎಂದರು. "ಹೇಳಿದ್ರಲ್ಲ, ನಂಗೆ ಸಾಕು. ಶಿಕ್ಷೆ ಕಮ್ಮಿ ಮಾಡಿ ಅಂತ ಹೇಳೋಕೆ ನಾನ್ಯಾರು. ಅದು ನನ್ ಮಗ ಹೇಳ್ಬೇಕಾದ್ದು." ಭಾವ ತಲೆದೂಗಿದರು. ಅದು ಸರಿ ಎನ್ನುವ ಹಾಗೆ.

ಹಾಸನದ ಜಡ್ಜು ಕೊನೆಗೆ, ಏನಾದರೂ ಹೇಳುವುದಿದೆಯಾ ಎಂದು ಭಾವನನ್ನೇ ಕೇಳಿದರು. ವಯಸ್ಸು, ಬಿಪಿ, ಮನೆಯ ಕಷ್ಟ, ಏನೇನು ಹೇಳಬೇಕೆಂದು ವಕೀಲರು ಮೊದಲೇ ತಿಳಿಸಿದ್ದರು. ಭಾವ ಏನೂ ಇಲ್ಲ ಸ್ವಾಮಿ ಎಂದರು. ತೀರ್ಪು ಬಂತು. ತಪ್ಪಿತಸ್ಥರು ಎನ್ನುವುದು ಹಾಗೇ ಉಳಿಯಿತು, ಒಂದು ವರ್ಷದ ಸಜೆ ಆರು ತಿಂಗಳಿಗೆ ಇಳಿಯಿತು. ಒಳಗಿದ್ದ ಹತ್ತೊಂಬತ್ತು ದಿನ ಅದರಲ್ಲಿ ಕಳೆಯುತ್ತದೆ, ಉಳಿದದ್ದನ್ನು ಅನುಭವಿಸಲು ಬೇಲೂರು ಕೋರ್ಟಿಗೆ ಹಾಜರಾಗಬೇಕು ಎಂದಿತ್ತು. ಹೈಕೋರ್ಟಿಗೂ ಹೋಗಬಹುದು, ನೋಡೋಣವಾ ಎಂದು ವಕೀಲರು ಕೇಳಿದರು. ನಾನು ಹೋಗೋಣ ಎಂದೆ. ಭಾವ ನನ್ನ ಭುಜದ ಮೇಲೆ ಕೈಯಿಟ್ಟು, ಸಾಕು ಬಿಡು ಕಣಯ್ಯ ಎಂದರು.

ಹಾಜರಾಗುವ ದಿನ ಬೇಲೂರಿಗೆ ಮೂವರೂ ಹೋದೆವು. ದೇವಸ್ಥಾನ ನೋಡಲು ಬಂದ ಜನ ಬಸ್ಸಿನ ತುಂಬ. ಅಕ್ಕ ಒಂದು ಚೀಲದಲ್ಲಿ ಎರಡು ಪಂಚೆ, ಒಂದು ಟವೆಲು, ಬಿಪಿ ಮಾತ್ರೆ, ಚಕ್ಕುಲಿ ಕಟ್ಟಿದ್ದಳು. ಚಕ್ಕುಲಿ ಒಳಗೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಕೋರ್ಟಿನ ಕೆಲಸ ಬೇಗ ಮುಗಿಯಿತು. ವ್ಯಾನು ಹತ್ತುವ ಮುಂಚೆ ಭಾವ ಚೀಲದಿಂದ ಚಕ್ಕುಲಿ ಪೊಟ್ಟಣ ತೆಗೆದು ಅಕ್ಕನ ಕೈಗೆ ಕೊಟ್ಟು, ನೀನೇ ತಿನ್ನು ಎಂದರು. ಅವರಿಗೂ ಗೊತ್ತಿತ್ತು. ಹೋದ ಸಲ ಕಲಿತ ವಿದ್ಯೆ.

ನಾನೂ ಅಕ್ಕನೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಮ್ಮ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಪೊಟ್ಟಣ ಅವಳ ಮಡಿಲಲ್ಲಿತ್ತು. ಅಪೀಲು ಮುಗಿದಿತ್ತು, ಮಾಡಬೇಕಾದ ಓಡಾಟ ಒಂದೂ ಉಳಿದಿರಲಿಲ್ಲ. ಒಂದೂವರೆ ವರ್ಷ ನಾನು ಅಷ್ಟೆಲ್ಲ ಓಡಿದ್ದು, ಹಾಸನಕ್ಕೆ ಅಲೆದದ್ದು, ಟೈಪು ಮಾಡಿದ್ದು ಈ ಗಳಿಗೆಯನ್ನು ತಪ್ಪಿಸಿಕೊಳ್ಳಲಿಕ್ಕೇ ಇರಬೇಕು ಅನ್ನಿಸಿತು. ಅಕ್ಕ ಎದುರಿಗೆ ನಿಂತಿದ್ದ ಬಸ್ಸನ್ನೇ ನೋಡುತ್ತಾ ಮಾತಾಡಿದಳು. ಶಿಕ್ಷೆಯಾದ ದಿನದಿಂದ ಈಚೆಗೆ ನನ್ನನ್ನೇ ಉದ್ದೇಶಿಸಿ ಮಾತಾಡಿದ್ದು ಅದೇ ಮೊದಲು.

"ಆ ಮುದುಕಿ ಪುಣ್ಯವಂತೆ ಕಣೋ. ಅವಳ ಬಾಗ್ಲಿಗೆ ಬಂದು ಹೇಳೋರು ಒಬ್ರಾದ್ರೂ ಇದ್ರು."

ಸುತ್ತ ಜನ, ಕಂಡಕ್ಟರುಗಳ ಕೂಗು, ಪಕ್ಕದಲ್ಲಿ ಸೌತೆಕಾಯಿ ಮಾರುವವಳು. ಇಲ್ಲಿ ಬೇಡ, ಮನೆಗೆ ಹೋಗಿ ಹೇಳೋಣ ಎಂದು ನನ್ನೊಳಗಿನ ಅರ್ಧ ಲಾಯರು ಆಗಲೂ ಒಂದು ವಾಯಿದೆ ಕೇಳಿದ. ನಾನು ಚಪ್ಪಲಿ ಬಿಟ್ಟು ಎದ್ದು ಅವಳ ಮುಂದೆ ನಿಂತೆ. ನಾನೇ ಒಪ್ಪಿಕೊಳ್ಳಿ ಅಂದದ್ದು, ಜಡ್ಜು ಎರಡನೇ ಸಲ ಕೇಳಿದಾ‌ಗ ಭಾವ ನನ್ನ ಮುಖ ನೋಡಿದರು, ನಾನೇ ತಲೆಯಾಡಿಸಿದೆ ಎಂದೆ. ತಪ್ಪಾಯ್ತು ಅಕ್ಕ ಎಂದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಇಷ್ಟು ಹೇಳೋಕೆ ಒಂದೂವರೆ ವರ್ಷ ಬೇಕಾಯ್ತಲ್ಲೋ" ಎಂದಳು.

ಎಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಶಿಕ್ಷೆಯಾದ ದಿನ ಅತ್ತಿರಲಿಲ್ಲ, ಮಾದಿಹಳ್ಳಿಯಲ್ಲಿ ಅತ್ತಿರಲಿಲ್ಲ, ಈಗ ಭಾವ ವ್ಯಾನು ಹತ್ತುವಾಗಲೂ ಅತ್ತಿರಲಿಲ್ಲ. ಪೊಟ್ಟಣ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡು ನಾನು ಅವಳ ಮುಂದೆ ನಿಂತೇ ಇದ್ದೆ. ನಮ್ಮ ಕಡೆಯ ಬಸ್ಸುಗಳು ಎರಡು ಹೋದವು.